ಹೊಡೆ ಇಲ್ಲದ ಗದ್ದೆಗೆ ಎಂತ ಬಯಕೆ

ದಸರಾದ ಬನ್ನಿ ಹಂಚಿ ಮುಗಿದ ಮಾರನೇ ಬೆಳಿಗ್ಗೆ ಅಮ್ಮ ಅಟ್ಟದಿಂದ ಎರಡು ಬಿದಿರಿನ ಬುಟ್ಟಿ ಇಳಿಸಿದ್ದಳು. ದೊಡ್ಡದೊಂದು, ಸಣ್ಣದೊಂದು. ನಾಲ್ಕು ವರ್ಷದ ಜೇಡರ ಬಲೆ ಒರೆಸಿ, ಸೆಗಣಿ ಸಾರಿಸಿ, ಅಂಗಳದ ಬಿಸಿಲಿಗೆ ಇಟ್ಟಾಗಿತ್ತು.

"ತಮ್ಮಾ, ಸಂಜೆ ಬರ್ತಾ ಒಂದು ಚೀಲ ಕೆಮ್ಮಣ್ಣು ತಗಂಬಾ" ಅಂದಳು.

"ಬುಟ್ಟಿ ಎಂತಕ್ಕಮ್ಮ ಈ ಸಲ?"

"ಹುಣ್ಣಿಮೆಗೆ ನಾಲ್ಕೇ ದಿನ ಉಳ್ದದೆ" ಅಂದವಳು ಒಳಗೆ ಹೋದಳು. ಕೇಳಿದ್ದಕ್ಕೆ ಉತ್ತರ ಅದಲ್ಲ. ಆದರೆ ಅಮ್ಮ ಉತ್ತರ ಕೊಡುವ ರೀತಿಯೇ ಅದು.

ಭೂಮಿ ಹುಣ್ಣಿಮೆ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು ಹೇಳುತ್ತೇನೆ. ಭತ್ತದ ಗಿಡದ ಹೊಟ್ಟೆಯೊಳಗೆ ತೆನೆ ಕಟ್ಟಿ, ಸುಳಿ ಉಬ್ಬಿಕೊಂಡಿರುತ್ತದಲ್ಲ, ಅದಕ್ಕೆ ನಾವು ಹೊಡೆ ಅನ್ನುತ್ತೇವೆ. ಗದ್ದೆ ಹೊಡೆಯಾಗಿರುವ ಹೊತ್ತಿಗೇ ಸೀಗೆ ಹುಣ್ಣಿಮೆ ಬರುತ್ತದೆ, ಭೂಮಿ ಹುಣ್ಣಿಮೆ ಅಂದರೆ ಅದೇ. ಮನೆಯ ತುಂಬು ಬಸುರಿಗೆ ಬಯಕೆ ಊಟ ಮಾಡಿಸುವ ಹಾಗೆ ಅವತ್ತು ಗದ್ದೆಗೆ ಮಾಡಿಸುವುದು. ಸಾಗರ, ಸೊರಬ, ಹೊಸನಗರ ಕಡೆ ಬೇಸಾಯ ಮಾಡುವವರೆಲ್ಲ ಮಾಡುತ್ತಾರೆ. ನಾವು ದೀವರು, ಮಲೆನಾಡಿನ ಒಂದು ಬೇಸಾಯದ ಸಮುದಾಯ. ನಮ್ಮ ಮನೆಗಳಲ್ಲಿ ಬುಟ್ಟಿಗೆ ಚಿತ್ತಾರ ಬರೆಯುವುದೇ ಅರ್ಧ ಹಬ್ಬ. ದೊಡ್ಡ ಬುಟ್ಟಿಗೆ ಭೂಮಣ್ಣಿ ಬುಟ್ಟಿ ಅಂತ ಹೆಸರು. ಅದರಲ್ಲಿ ಊಟದ ಸಾಮಾನು ಹೋಗುತ್ತದೆ. ಸಣ್ಣದರಲ್ಲಿ ಹಚ್ಚಂಬಲಿ. ಅದರ ವಿಷಯ ಆಮೇಲೆ ಬರುತ್ತದೆ.

ನನಗೆ ಬುಟ್ಟಿ ನೋಡಿ ಇರುಸುಮುರುಸಾಗಿದ್ದು ಯಾಕೆಂದರೆ, ನಮ್ಮ ಗದ್ದೆ ಈಗ ಗದ್ದೆಯಲ್ಲ. ಅಡಿಕೆ ತೋಟ. ಮಾಡಿಸಿದ್ದು ನಾನೇ.

ಜಾಗ 1 ಎಕರೆ 10 ಗುಂಟೆ. ತಾಳಗುಪ್ಪ ರಸ್ತೆಯಲ್ಲಿ ಹೋಗಿ ಒಳಗೆ ತಿರುಗಬೇಕು. ಅಜ್ಜನ ಕಾಲಕ್ಕೆ ಅದು ಗೇಣಿ ಗದ್ದೆ. ನಮ್ಮ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತಿದ್ದು ಗೊತ್ತಲ್ಲ, ಗೇಣಿ ಅಳೆಯುವ ಕೊಳಗದ ಜಗಳದಿಂದ ಶುರುವಾಗಿ ಸಮಾಜವಾದಿ ನಾಯಕ ಲೋಹಿಯಾ ಬಂದು ಅರೆಸ್ಟ್ ಆಗುವ ತನಕ ಹೋಗಿದ್ದು. ನಮ್ಮಜ್ಜನಿಗೆ ಆಗ ಮೀಸೆ ಮೂಡುವ ವಯಸ್ಸು. ಅವನು ಹೋರಾಟದಲ್ಲಿ ಇದ್ದನೋ ಇಲ್ಲವೋ ಅನ್ನುವುದು ಆ ದಿನ ಎಷ್ಟು ಹಾಕಿಕೊಂಡಿದ್ದಾನೆ ಅನ್ನುವುದರ ಮೇಲೆ ಬದಲಾಗುತ್ತಿತ್ತು. 1974ರ ಭೂಸುಧಾರಣೆ ಕಾನೂನು ಬಂದ ಮೇಲೆ ಅವನೂ ಡಿಕ್ಲರೇಷನ್ ಹಾಕಿದ. ಟ್ರಿಬ್ಯುನಲ್‌ಗೆ ಅಲೆದೂ ಅಲೆದೂ ಕೊನೆಗೆ ಗದ್ದೆ ನಮ್ಮ ಹೆಸರಿಗಾಯಿತು. ಅಮ್ಮ ಆಗಷ್ಟೇ ಮದುವೆಯಾಗಿ ಬಂದ ಸೊಸೆ. ಆ ವರ್ಷದ ಹಬ್ಬಕ್ಕೆ ಅಜ್ಜ ಹೊಸ ಪಂಚೆ ಉಟ್ಟು ಗದ್ದೆಗೆ ಇಳಿದಿದ್ದನ್ನು, ಇಳಿದವನು ಜಾರಿ ಬಿದ್ದಿದ್ದನ್ನು ಇವತ್ತಿಗೂ ಹೇಳಿಕೊಂಡು ನಗುತ್ತಾಳೆ.

ಒಮ್ಮೆ ಕೇಳಿದ್ದೆ. "ಅಲ್ಲಮ್ಮ, ಅದಕ್ಕೂ ಮುಂಚೆ ಒಡೇರ ಗದ್ದೆಗೆ ನೀವ್ಯಾಕೆ ಹಬ್ಬ ಮಾಡ್ತಿದ್ರಿ?"

"ಬಸುರಿಗೆ ಬಡಿಸೋವಾಗ ಪಹಣಿ ಯಾರ ಹೆಸರಲ್ಲಿ ಅದೆ ಅಂತ ಕೇಳ್ತಾರನ?" ಅಂದಿದ್ದಳು.

ಅಂಥ ಗದ್ದೆಯನ್ನು ನಾನು ಮುಚ್ಚಿಸಿದೆ. ನನ್ನ ಕಡೆಯ ಮಾತನ್ನೂ ಕೇಳಿ. ನನ್ನದು ಸಾಗರ ಪೇಟೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪ್‌ಸೆಟ್ ತರುತ್ತಾರೆ, ಕಾಯಿಲ್ ಕಿತ್ತು ಹೊಸ ತಾಮ್ರದ ತಂತಿ ಕಟ್ಟಿ, ವಾರ್ನಿಶ್ ಹೊಡೆದು ಕೊಡುತ್ತೇನೆ. ಅಂಗಡಿಗೆ ಬರುವವರಲ್ಲಿ ಹತ್ತಕ್ಕೆ ಒಂಬತ್ತು ಜನ ಅಡಿಕೆಯವರು. ಇಡೀ ದಿನ ಕಿವಿಗೆ ಬೀಳುವುದು ಅಡಿಕೆ ರೇಟು. 2021ರಲ್ಲಿ ರಾಶಿ ದರ್ಜೆಯ ಕೆಂಪಡಿಕೆ ಕ್ವಿಂಟಾಲಿಗೆ 50 ಸಾವಿರ ದಾಟಿತು. ಆ ವರ್ಷ ಭತ್ತಕ್ಕೆ ಸರ್ಕಾರದ ಬೆಂಬಲ ಬೆಲೆ 1,940 ರೂಪಾಯಿ. ನಾಟಿಗೆ ಆಳಿಲ್ಲ, ಸಿಕ್ಕಿದರೂ ಕೂಲಿ ಪೂರೈಸುವುದಿಲ್ಲ. ಇಷ್ಟಾಗಿ ಬೆಳೆದರೆ ಕೊಯ್ಲಿನ ಹಿಂದಿನ ರಾತ್ರಿ ಹಂದಿ ಬಂದು ಹೊರಳಾಡಿ ಹೋಗುತ್ತದೆ. ಅಪ್ಪ ಹೋದ ಮೇಲೆ ಎರಡು ವರ್ಷ ಎಳೆದೆ. 2022ರ ಬೇಸಿಗೆಯಲ್ಲಿ ಹಿಟಾಚಿ ತಂದು ಕಾಲುವೆ ತೆಗೆಸಿ, ಮಣ್ಣು ಏರಿಸಿ, 650 ಅಡಿಕೆ ಸಸಿ ಇಟ್ಟೆ. ನಮ್ಮ ಬಯಲಿನಲ್ಲಿ ನಾನೇ ಮೊದಲಿನವನೇನೂ ಅಲ್ಲ. ಅಕ್ಕಪಕ್ಕ ಆಗಲೇ ಅರ್ಧ ತೋಟವಾಗಿತ್ತು. ಈಗ ಮೇಲಿನ ರಸ್ತೆಯಲ್ಲಿ ನಿಂತು ನೋಡಿದರೆ ಬರೀ ಅಡಿಕೆ. ನಡುವೆ ಅಲ್ಲೊಂದು ಇಲ್ಲೊಂದು ಗದ್ದೆ, ತೇಪೆ ಹಾಕಿದ ಹಾಗೆ.

ಹಿಟಾಚಿ ಬಂದ ದಿನ ಅಮ್ಮ ಜಗಳ ಮಾಡಲಿಲ್ಲ. ಡ್ರೈವರಿಗೆ ಮಜ್ಜಿಗೆ ಕೊಟ್ಟಳು. ಜಗಳ ಮಾಡಿದ್ದರೆ ನನಗೆ ಸಲೀಸಾಗುತ್ತಿತ್ತು.

ಅದಾದ ಮೇಲೆ ಮೂರು ವರ್ಷ ಭೂಮಿ ಹುಣ್ಣಿಮೆ ಅಂದರೆ ಶಾಸ್ತ್ರ. ಬೆಳಿಗ್ಗೆ ಏಳಕ್ಕೆ ಹೋಗಿ, ದಾರಿ ಪಕ್ಕದ ಮೊದಲನೇ ಅಡಿಕೆ ಸಸಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಒಂಬತ್ತಕ್ಕೆ ನಾನು ಅಂಗಡಿ ಬಾಗಿಲು ತೆಗೆದಿರುತ್ತಿದ್ದೆ. ಬುಟ್ಟಿ ಅಟ್ಟದಲ್ಲೇ ಇತ್ತು. ಒಂದು ವರ್ಷ ಬುಟ್ಟಿಯ ಬದಲು ಪ್ಲಾಸ್ಟಿಕ್ ಟಬ್ ತಗೊಂಡು ಹೋಗಿದ್ದೂ ಉಂಟು. ತೋಟ ಇರುವವರು ತೋಟದಲ್ಲಿ ಭಕ್ತಿಯಿಂದಲೇ ಮಾಡುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಅಮ್ಮನಿಗೆ ಮಾತ್ರ ಮನಸ್ಸು ಬರುತ್ತಿರಲಿಲ್ಲ. ಹೋದ ವರ್ಷ ವಾಪಸ್ ಬರುವಾಗ ಓಮ್ನಿಯಲ್ಲಿ ಕೂತು, ಯಾರಿಗೂ ಅಲ್ಲದ ಹಾಗೆ ಹೇಳಿದ್ದಳು. "ಹೊಡೆ ಇಲ್ಲದ ಗದ್ದೆಗೆ ಎಂತ ಬಯಕೆ."

ಹಾಗಾಗಿಯೇ ಈ ಸಲ ಬುಟ್ಟಿ ಇಳಿದಿದ್ದು ನನಗೆ ಒಗಟಾಗಿತ್ತು.

ಇರಲಿ ಅಂತ ಕೆಮ್ಮಣ್ಣು ತಂದುಕೊಟ್ಟೆ. ಮೂರು ಸಂಜೆ ನಮ್ಮ ಹಜಾರದಲ್ಲಿ ಟಿವಿ ಹಾಕಲಿಲ್ಲ. ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ, ನೆನೆಸಿದ ಅಕ್ಕಿ ನುಣ್ಣಗೆ ಅರೆದು, ಪುಂಡಿ ನಾರಿನ ಕುಂಚ ಮಾಡಿಕೊಂಡು ಅಮ್ಮ ಕೂತಳು. ಮಗಳು ಪಿಯುಸಿ. ಚಿತ್ತಾರದ ರೀಲ್ಸ್ ನೋಡಿ ಅವಳಿಗೆ ಎಲ್ಲ ಗೊತ್ತು ಅಂತ ಅವಳ ಅಂದಾಜು. ಅಕ್ರಿಲಿಕ್ ಬಿಳಿ ಬಣ್ಣ ತಂದಿದ್ದಳು.

"ಅದು ಭೂಮಿಗೆ ಬಿದ್ರೆ ಕರಗ್ತದನ?" ಅಂತ ಅಮ್ಮ ಕೇಳಿದಳು.

"ಇಲ್ಲ ಅಜ್ಜಿ, ವಾಟರ್‌ಪ್ರೂಫ್."

"ಹಂಗಾದ್ರೆ ನಿನ್ನ ಸೈಕಲ್ಲಿಗೆ ಬಳ್ಕ."

ಭತ್ತದ ಸಸಿ, ಏಣಿ, ಬಲೆ, ಎತ್ತು, ಗಾಡಿ. ಅಮ್ಮನ ಕೈ ಈಗ ಸ್ವಲ್ಪ ನಡುಗುತ್ತದೆ. ಆದರೆ ಕುಂಚ ಬುಟ್ಟಿಗೆ ತಾಗಿದ ಮೇಲೆ ಗೆರೆ ನಡುಗುವುದಿಲ್ಲ. ಸಣ್ಣ ತಂತಿಯ ಕಾಯಿಲ್ ಸುತ್ತುವವನಿಗೆ ಕೈ ಅಂದರೆ ಏನು ಅಂತ ಗೊತ್ತಿರುತ್ತದೆ. ನಾನು ಬಾಯಿ ಮುಚ್ಚಿಕೊಂಡು ನೋಡುತ್ತ ಕೂತೆ. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಎದುರು ಮನೆಯವರು ಬಯಲುಸೀಮೆ ಕಡೆಯವರು, ಅವರಿಗೆ ಇದೆಲ್ಲ ಹೊಸದು. ಆದರೂ ಒಂದು ಏಣಿ ಬರೆದು ಹೋದರು. ಅದು ಸೊಟ್ಟಗಿದೆ. ಅಮ್ಮ ಅಳಿಸಲಿಲ್ಲ.

ಹುಣ್ಣಿಮೆಯ ಹಿಂದಿನ ದಿನ ಸೊಪ್ಪಿನ ಬೇಟೆ. ಹಚ್ಚಂಬಲಿ ಅಂದರೆ ಸಿಕ್ಕಸಿಕ್ಕ ಸೊಪ್ಪು, ಕುಡಿ ಎಲ್ಲ ಕೊಯ್ದು, ಅಕ್ಕಿ ನುಚ್ಚಿನ ಜೊತೆ ಬೇಯಿಸಿ, ಅಮಟೆಕಾಯಿ ಹಾಕಿದ ಒಂದು ಬೆರಕೆ. ನೂರೊಂದು ಕುಡಿ ಆಗಬೇಕು ಅಂತ ಮಾತು. ಊರಲ್ಲಾಗಿದ್ದರೆ ಬೇಲಿ ಸುತ್ತಿದರೆ ಮುಗಿಯಿತು. ಪೇಟೆಯಲ್ಲಿ? ಅಮ್ಮ ನನ್ನನ್ನು ಸ್ಕೂಟರ್ ಡ್ರೈವರ್ ಮಾಡಿಕೊಂಡು ಊರೆಲ್ಲ ತಿರುಗಿಸಿದಳು. ಗಣಪತಿ ಕೆರೆ ಹತ್ತಿರ ಒಂದೆಲಗ, ಹೊನಗೊನ್ನೆ. ರೈಲ್ವೆ ಹಳಿ ಪಕ್ಕ ಚಗಟೆ, ಗಣಿಕೆ. ಖಾಲಿ ಸೈಟಿನಲ್ಲಿ ಕೆಸು, ಕಾಡು ಹಾಗಲ. ಯಾರದೋ ಕಾಂಪೌಂಡ್ ಮೇಲೆ ಇಳಿಬಿದ್ದ ತೊಂಡೆ ಬಳ್ಳಿಗೆ ಕೈ ಹಾಕಿದಾಗ ಮಾತ್ರ ನಾನು ಸ್ಕೂಟರ್ ಸ್ವಲ್ಪ ಮುಂದೆ ತಗೊಂಡು ಹೋಗಿ ನಿಂತೆ. ಕಳೆನಾಶಕ ಹೊಡೆದ ಜಾಗ ಅಮ್ಮನಿಗೆ ದೂರದಿಂದಲೇ ಗೊತ್ತಾಗುತ್ತದೆ. "ಅಲ್ಲಿ ಬ್ಯಾಡ, ಹುಲ್ಲಿನ ತುದಿ ನೋಡು" ಅನ್ನುತ್ತಾಳೆ. ನಾನು ನೋಡಿದರೆ ನನಗೆ ಬರೀ ಹುಲ್ಲು ಕಾಣಿಸುತ್ತದೆ.

ಮಗಳು ಮೊಬೈಲಿನಲ್ಲಿ ಲೆಕ್ಕ ಇಟ್ಟಳು. ಒಟ್ಟು 43. "ಅಜ್ಜಿ, ಇನ್ನೂ 58 ಬೇಕು" ಅಂದಳು.

"ಭೂಮ್ತಾಯಿ ಎಣ್ಸಿಕ್ಯಂಡು ಉಣ್ತಾಳನ? ತಗ, ಬಿಡ್ಸು."

ಸೊಪ್ಪು ಬಿಡಿಸುವ ಹೊತ್ತಿಗೆ ನಮ್ಮ ಬೀದಿಯ ಕೊನೇ ಮನೆಯ ಟೀಚರು ಬಂದರು. ರಿಟೈರ್ ಆಗಿ ತುಂಬಾ ವರ್ಷವಾಗಿದೆ. ಪ್ರತಿ ವರ್ಷವೂ ಬರುತ್ತಾರೆ, ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ ಹಿಡಿದು. ಅವರ ತವರುಮನೆ ಶರಾವತಿ ಹಿನ್ನೀರಿನಲ್ಲಿದೆ. ದಂಡೆಯಲ್ಲಲ್ಲ, ನೀರೊಳಗೆ. ಲಿಂಗನಮಕ್ಕಿ ಡ್ಯಾಮ್ ಆಗಿದ್ದು 1964ರಲ್ಲಿ. ಆಗ ಅವರು ಇನ್ನೂ ಶಾಲೆಗೆ ಹೋಗುವ ಹುಡುಗಿ. ಮನೆ, ಗದ್ದೆ, ದನದ ಕೊಟ್ಟಿಗೆ ಎಲ್ಲ ಬಿಟ್ಟು ಲಾರಿ ಹತ್ತಿದ್ದು ನೆನಪಿದೆಯಂತೆ. ಹಬ್ಬದ ಬೆಳಿಗ್ಗೆ ನಮ್ಮ ಮನೆಯ ಹಚ್ಚಂಬಲಿ ಡಬ್ಬಿಗೆ ಹಾಕಿಸಿಕೊಂಡು, ಆಟೋ ಮಾಡಿಕೊಂಡು ಹೊಳೆಬಾಗಿಲಿಗೆ ಹೋಗುತ್ತಾರೆ. ಹಿನ್ನೀರಿಗೆ ಒಂದು ಹಿಡಿ ಹಾಕಿ ಬರುತ್ತಾರೆ. ಆಟೋ ಬಾಡಿಗೆ ಕೇಳಿದರೆ ನಮಗೆ ತಲೆ ತಿರುಗುತ್ತದೆ. ಅವರು ಅದರ ಮಾತೇ ಎತ್ತುವುದಿಲ್ಲ.

ಅಲ್ಲಿ 2025ರ ಜುಲೈನಲ್ಲಷ್ಟೇ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ಶುರುವಾಗಿತ್ತು. ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಮ್ಮಿ ಉದ್ದ. "ಟೀಚರೇ, ಈ ಸಲ ನೀವು ಸೇತುವೆ ಮಧ್ಯೆ ನಿಂತು ಹಾಕಬಹುದಲ್ವಾ?" ಅಂದೆ.

"ಬ್ಯಾಡಪ್ಪ. ಅಷ್ಟು ಮೇಲಿಂದ ಹಾಕಿದ್ರೆ ಯಾರ ಗದ್ದೆಗೆ ಬೀಳ್ತದೋ ಎಂತದೋ" ಅಂದರು.

ಅಮ್ಮ, ಟೀಚರು ಇಬ್ಬರೂ ನಕ್ಕರು. ನನಗೆ ಹೇಗೆ ಮುಖ ಮಾಡಬೇಕು ಅಂತ ತಿಳಿಯಲಿಲ್ಲ.

ರಾತ್ರಿ ಹೆಂಗಸರಿಗೆ ನಿದ್ದೆಯಿಲ್ಲ. ಚೀನಿಕಾಯಿ ಕಡುಬು, ಹೋಳಿಗೆ, ಕೆಸುವಿನ ಪತ್ರೊಡೆ, ಅಮಟೆಕಾಯಿ ಗೊಜ್ಜು, ಚಿತ್ರಾನ್ನ, ಮೊಸರು ಬುತ್ತಿ. ನಾನು ಕಾಯಿ ತುರಿದುಕೊಟ್ಟೆ. ಕಾಯಿ ತುರಿದಿದ್ದನ್ನೇ ಹಬ್ಬ ಮಾಡಿದ್ದು ಅಂತ ಹೇಳಿಕೊಳ್ಳುವ ಗಂಡಸರಲ್ಲಿ ನಾನೂ ಒಬ್ಬ. ನನ್ನ ಹೆಂಡತಿ ಮಾತ್ರ ಮಧ್ಯರಾತ್ರಿ ಕಳೆದ ಮೇಲೆ ಅಮ್ಮನನ್ನು ಗದರಿದಳು. "ಅತ್ತೆ, ನೀವು ಸ್ವಲ್ಪ ಮಲಗಿ. ವಾರವಾರ ಊರಿಗೆ ಹೋಗಿ ಎಣ್ಣೆ ತಂದು ತಿಕ್ಕಿಕೊಂಡ್ರೂ ಮಂಡಿ ಊತ ಇಳಿದಿಲ್ಲ. ಯಾವ ಪಂಡಿತರೋ ಏನೋ."

ಇದೊಂದನ್ನು ಹೇಳಲು ಮರೆತಿದ್ದೆ. ಆಷಾಢದಿಂದ ಅಮ್ಮ ವಾರಕ್ಕೊಂದು ಸಲ ಬಸ್ ಹತ್ತಿ ಊರಿಗೆ ಹೋಗುತ್ತಿದ್ದಳು. ಮಂಡಿನೋವಿಗೆ ನಾಟಿ ಎಣ್ಣೆ. ಚಿಕ್ಕಮ್ಮನ ಮನೆಯಲ್ಲಿ ಊಟ ಮಾಡಿ ಸಂಜೆ ಬಸ್ಸಿಗೆ ವಾಪಸ್. ನಾನು ಆ ಮಳೆಗಾಲದಲ್ಲಿ ತೋಟಕ್ಕೆ ಹೋಗಿದ್ದು ಒಂದೇ ಸಲ, ಜೂನ್‌ನಲ್ಲಿ, ಗೊಬ್ಬರ ಹಾಕಿಸಲು. ಆಗ ನೋಡಿದ್ದೆ, ಕೆಳಗಿನ ಮೂಲೆಯಲ್ಲಿ ನೀರು ನಿಂತು ಐದಾರು ಅಡಿಕೆ ಸಸಿ ಕೊಳೆತು ಹೋಗಿದ್ದವು. ಪ್ರತಿ ವರ್ಷದ್ದೂ ಅದೇ ಕತೆ. ಅಲ್ಲಿ ಮತ್ತೊಮ್ಮೆ ಹಿಟಾಚಿ ತಂದು, ಬದು ಒಡೆಸಿ, ನೀರು ಬಸಿಯಲು ದಾರಿ ಮಾಡಬೇಕು ಅಂತ ಅಮ್ಮನಿಗೆ ಹೇಳಿದ್ದೆ. "ಇರ್ಲಿ ಬಿಡು, ಮಳೆಗಾಲ ಕಳೀಲಿ" ಅಂದಿದ್ದಳು. ದೀಪಾವಳಿ ಕಳೆದ ಮೇಲೆ ಬರ್ತೀನಿ ಅಂದ ಮಿಷನ್‌ನವನಿಗೆ 2,000 ರೂಪಾಯಿ ಅಡ್ವಾನ್ಸೂ ಕೊಟ್ಟಿದ್ದೆ.

ಬೆಳಗಿನ ನಾಲ್ಕೂವರೆಗೆ ಹೊರಟೆವು. ಓಮ್ನಿಯ ಹಿಂದಿನ ಸೀಟಿನಲ್ಲಿ ಎರಡು ಬುಟ್ಟಿ, ಅವುಗಳ ಮಧ್ಯೆ ಅಮ್ಮ. ಚಂದ್ರ ಇನ್ನೂ ಪಡುವಣದಲ್ಲಿದ್ದ, ಬಯಲಿನ ಮೇಲೆ ಇಬ್ಬನಿ ಹೊಗೆಯ ಹಾಗೆ ಕೂತಿತ್ತು. ಚಿಕ್ಕಮ್ಮ ದೊಂದಿ ಹಿಡಿದು ದಾರಿಯಲ್ಲೇ ನಿಂತಿದ್ದಳು. ಅವಳ ಮಗನ ಕೈಯಲ್ಲಿ ಚಾರ್ಜರ್ ಲೈಟ್ ಇತ್ತು, ಆದರೂ ದೊಂದಿ.

ಹಚ್ಚಂಬಲಿ ಬೀರುವುದು ಗಂಡಸರ ಕೆಲಸ. ಸಣ್ಣ ಬುಟ್ಟಿ ಹೊತ್ತು ಬದುವಿನ ಮೇಲೆ ನಡೆಯುತ್ತ, ಹಿಡಿಹಿಡಿ ಬೀರುತ್ತ ಕೂಗಬೇಕು. ಹಚ್ಚಂಬಲಿ, ಹಾಲಂಬಲಿ, ಗುಡ್ಡದ ಮೇಲಿನ ನೂರೊಂದು ಕುಡಿ, ಭೂಮಿತಾಯಿ ಉಂಡು ಹೋಗಲಿ. ಚಿಕ್ಕವನಿದ್ದಾಗ ಅಪ್ಪ ಕೂಗಿದರೆ ಆಚೆ ಬಯಲಿನಿಂದ ಇನ್ನೊಬ್ಬರು ಕೂಗುತ್ತಿದ್ದರು, ಅವರ ಆಚೆ ಮತ್ತೊಬ್ಬರು. ಇಡೀ ಬಯಲು ಕತ್ತಲಲ್ಲಿ ಮಾತಾಡಿಕೊಂಡ ಹಾಗೆ ಇರುತ್ತಿತ್ತು. ನನಗೆ ಮೊದಲ ಕೂಗಿಗೆ ಗಂಟಲೇ ಏಳಲಿಲ್ಲ. ಮೂರು ವರ್ಷ ಕೂಗಿರಲಿಲ್ಲವಲ್ಲ. ಎರಡನೇ ಸಲ ಕೂಗಿದಾಗ ಕೆಳಗಡೆಯಿಂದ ಯಾರೋ ಓಗೊಟ್ಟರು. ಇನ್ನೂ ದೂರದಿಂದ ಇನ್ನೊಬ್ಬರು. ಇಬ್ಬರೇ. ಆದರೂ ಮೈ ಜುಮ್ಮೆಂದಿತು.

ಬೀರುತ್ತ ಒಂದು ಸುತ್ತು ಹಾಕಿ, ಪ್ರತಿ ವರ್ಷದ ಹಾಗೆ ದಾರಿ ಪಕ್ಕದ ಮೊದಲನೇ ಅಡಿಕೆ ಸಸಿ ಹತ್ತಿರ ಬಂದು ನಿಂತೆ. ಅಲ್ಲಿ ಯಾರೂ ಇಲ್ಲ. ದೊಂದಿಯ ಬೆಳಕು ತೋಟದೊಳಗೆ ಇಳಿದು ಹೋಗುತ್ತಿತ್ತು. ಅಮ್ಮ ಮುಂದೆ, ತಲೆ ಮೇಲೆ ಭೂಮಣ್ಣಿ ಬುಟ್ಟಿ ಹೊತ್ತ ನನ್ನ ಹೆಂಡತಿ, ಹಿಂದೆ ಚಿಕ್ಕಮ್ಮ, ಮಗಳು. ಕೆಳಗಿನ ಮೂಲೆ ಕಡೆ.

ಹೋಗಿ ನೋಡಿದೆ. ಕೊಳೆತ ಅಡಿಕೆ ಸಸಿ ಕಿತ್ತ ಜಾಗದಲ್ಲಿ, ಎರಡು ಮಂಚದಗಲ, ಭತ್ತ. ಸೊಂಟದೆತ್ತರ. ಸಾಲು ಹಿಡಿದು ನೆಟ್ಟಿದ್ದು. ಸುತ್ತ ಹಳೇ ಸೀರೆ ಕಟ್ಟಿ ಬೇಲಿ. ಅಮ್ಮ ಒಂದು ಗಿಡ ಬಗ್ಗಿಸಿ, ಲೈಟು ಹಿಡಿ ಅಂದಳು. ಸುಳಿ ಉಬ್ಬಿತ್ತು. ಹೊಡೆ.

"ಇದು ಯಾವಾಗ?" ಅಂದೆ.

ಉತ್ತರ ಕೊಟ್ಟಿದ್ದು ಚಿಕ್ಕಮ್ಮ. "ನಮ್ಮ ನೆಟ್ಟಿ ಮುಗ್ದು ಅಗೆ ಸಸಿ ಉಳ್ದಿತ್ತು ಮಾರಾಯ. ಇಂಟಾನ್ ಭತ್ತದ್ದು. ಬಿಸಾಕದು ಎಂತಕ್ಕೆ ಅಂತ ನಿಮ್ಮಮ್ಮ ತಗಂಡು ಬಂದು ನೆಟ್ಳು."

"ಒಬ್ಬಳೇ?"

"ಮತ್ತೆ? ನಾನು ಬರ್ತೀನಿ ಅಂದ್ರೆ ಬ್ಯಾಡ ಅಂದ್ಳು."

ನನ್ನ ಹೆಂಡತಿ ಬುಟ್ಟಿ ಇಳಿಸಿ ಅಮ್ಮನ ಕಾಲು ನೋಡಿದಳು. "ಓ, ಇದಾ ನಾಟಿ ಎಣ್ಣೆ" ಅಂದಳು. ಕೆಸರಲ್ಲಿ ನಿಂತು ಕಳೆ ಕಿತ್ತರೆ ಮಂಡಿ ಎಲ್ಲಿಂದ ವಾಸಿಯಾಗಬೇಕು. ಅಮ್ಮ ಕೇಳಿಸದವಳ ಹಾಗೆ ಎಲೆ ಹಾಸುತ್ತಿದ್ದಳು.

ಪೂಜೆ ವಿವರಿಸುವುದಿಲ್ಲ, ಎಲ್ಲರ ಮನೆಯ ಪೂಜೆಯ ಹಾಗೇ. ನಡುವಿನ ಒಂದು ಗುಂಪು ಸಸಿಯನ್ನು ಸೇರಿಸಿ ಕಟ್ಟಿ, ಅರಿಶಿನ ಕುಂಕುಮ ಹಚ್ಚಿ, ಕರಿಮಣಿ ಹಾಕಿ, ಚಂಡುಹೂವಿನ ಮಾಲೆ ಹಾಕಿದರು. ಕಾಗೆಗೆ ಒಂದು ಎಡೆ. ಅಮ್ಮ ಇಲಿಗೂ ಒಂದು ಎಲೆ ಇಡುತ್ತಾಳೆ, ಮುಂಚೆಯೇ ಕೊಟ್ಟುಬಿಟ್ಟರೆ ಆಮೇಲೆ ಕದಿಯುವುದಿಲ್ಲ ಅಂತ. ಒಂದು ಕಡುಬನ್ನು ಸಸಿಯ ಬುಡದಲ್ಲಿ ಹೂತರು. ಅದನ್ನು ಕೊಯ್ಲಿನ ದಿನ ತೆಗೆಯಬೇಕು. ಕಾಗೆ ಮುಟ್ಟುವ ತನಕ ನಾವು ಉಣ್ಣುವಂತಿಲ್ಲ. ಅವತ್ತು ಕಾಗೆಗೆ ಎಲ್ಲ ಕಡೆ ಆಮಂತ್ರಣ, ನಮ್ಮಲ್ಲಿಗೆ ಬಂದಾಗ ಎಂಟು ಗಂಟೆ ಮೇಲಾಗಿತ್ತು. ಆಮೇಲೆ ಅಡಿಕೆ ಸಸಿಗಳ ಮಧ್ಯೆ ಬಾಳೆ ಎಲೆ ಹಾಕಿಕೊಂಡು ಕೂತೆವು. ಮಗಳು ಮೂರು ಕಡುಬು ತಿಂದಳು. ಅಂಗಡಿ ಬಾಗಿಲು ತೆಗೆದಾಗ ಮಧ್ಯಾಹ್ನ ಹನ್ನೆರಡು. ಇಬ್ಬರು ಮೋಟಾರ್ ತಂದು ಕಾದು ಬೈದು ಹೋಗಿದ್ದರು.

ಮೊನ್ನೆ ಡಿಸೆಂಬರ್‌ನಲ್ಲಿ ಕೊಯ್ಲು. ಕೊಯ್ಲು ಅನ್ನಲು ನಗು ಬರುತ್ತದೆ, ಕಾಲು ಗಂಟೆಯ ಕೆಲಸ. ಅಮ್ಮ ಕೊಯ್ದಳು, ನಾನು ಸೂಡು ಕಟ್ಟಿದೆ. ಹಂದಿ ಬಂದಿರಲಿಲ್ಲ, ಇಷ್ಟು ಸಣ್ಣ ಗದ್ದೆ ಅದಕ್ಕೆ ಲೆಕ್ಕಕ್ಕೇ ಬರಲಿಲ್ಲವೇನೋ. ಕಡುಬು ಹೂತ ಜಾಗ ಅಗೆದರೆ ಬಾಳೆ ಎಲೆಯ ನಾರು, ಒಂದಿಷ್ಟು ಇರುವೆ ಸಿಕ್ಕಿತು. ಅಮ್ಮ ಆ ಮಣ್ಣನ್ನೇ ಒಂದು ಚಿಟಿಕೆ ಸೆರಗಿನ ತುದಿಗೆ ಕಟ್ಟಿಕೊಂಡಳು. ಮನೆಗೆ ತಂದು ಬಡಿದು ತೂರಿ ಅಳೆದರೆ ಭತ್ತ ಆರು ಸೇರು. ಅರ್ಧ ಬೀಜಕ್ಕೆ ಅಂತ ಸಣ್ಣ ಬುಟ್ಟಿಯಲ್ಲಿ ತೆಗೆದಿಟ್ಟಳು. ಎದುರು ಮನೆಯವರ ಸೊಟ್ಟ ಏಣಿ ಇದೆಯಲ್ಲ, ಅದೇ ಬುಟ್ಟಿ.

ಮಾರನೇ ದಿನ ಹಿಟಾಚಿಯವನಿಗೆ ಫೋನ್ ಮಾಡಿ, ಮೂಲೆಯ ಕೆಲಸ ಬೇಡ ಅಂದೆ. ಅಡ್ವಾನ್ಸ್ ವಾಪಸ್ ಬರೋದಿಲ್ಲವಂತೆ.